ಬಿದ್ದ ಸೇತುವೆಗೆ ಹೊಣೆ ಯಾರು?

ಕಟ್ಟುವ ಕೆಲಸದ ಕರಾರಿನಲ್ಲಿ ಅಳತೆ, ಅವಧಿ, ಹಣ ಇವು ಸ್ಪಷ್ಟವಾಗಿರುತ್ತವೆ. ಕಟ್ಟಿದ್ದು ಕುಸಿದಾಗ ಹೊಣೆ ಹೊರುವವರಾರು ಎಂಬ ಪ್ರಶ್ನೆ ಅಷ್ಟು ಸುಲಭವಲ್ಲ. ಸ್ಕಾಟ್ಲೆಂಡಿನ ಟೇ ನದಿಯ ರೈಲು ಸೇತುವೆ ಇದಕ್ಕೆ ದಾರುಣ ನಿದರ್ಶನ.

ಸುಮಾರು 2 ಮೈಲಿ ಉದ್ದದ ಈ ಸೇತುವೆ 1878ರಲ್ಲಿ ಸಂಚಾರಕ್ಕೆ ತೆರೆಯಿತು. ಅದನ್ನು ರೂಪಿಸಿದ ಥಾಮಸ್ ಬೌಚ್‌ಗೆ ವಿಕ್ಟೋರಿಯಾ ರಾಣಿ ಮರುವರ್ಷ ‘ಸರ್’ ಪದವಿಯನ್ನಿತ್ತಳು. ಅದೇ ವರ್ಷ ಡಿಸೆಂಬರ್ 28ರ ಸಂಜೆ ಬಿರುಗಾಳಿಗೆ ಸೇತುವೆಯ ನಡುಭಾಗ ರೈಲುಸಹಿತ ನದಿಗುರುಳಿತು. ಅದರಲ್ಲಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ.

ವಿಚಾರಣೆಗೆ ಕುಳಿತವರು ಮೂವರು. ನಕ್ಷೆಯಲ್ಲಿ ಗಾಳಿಯ ಒತ್ತಡಕ್ಕೆ ತಕ್ಕ ಲೆಕ್ಕವಿರಲಿಲ್ಲ. ಕಬ್ಬಿಣದ ಎರಕದಲ್ಲಿ ದೋಷಗಳಿದ್ದವು. ಕಬ್ಬಿಣದ ಕೆಲಸವರಿಯದ ಮೇಲ್ವಿಚಾರಕನು ಸಡಿಲಗೊಂಡ ಪಟ್ಟಿಗಳನ್ನು ಬೌಚ್‌ಗೆ ತಿಳಿಸದೆಯೇ ಬಿಗಿದಿದ್ದನು. ಈ ದೋಷಗಳನ್ನು ಮೂವರೂ ಕಂಡರು. ಆದರೆ ತಪ್ಪಿತಸ್ಥನನ್ನು ಹೆಸರಿಸುವುದು ತಮ್ಮ ಕೆಲಸವಲ್ಲವೆಂದು ಎಂಜಿನಿಯರರಾದ ಬಾರ್ಲೋ ಮತ್ತು ಯೋಲೆಂಡ್ ಹಿಂಜರಿದರು. ಕಾನೂನು ಬಲ್ಲ ರಾದರಿ ಪ್ರತ್ಯೇಕ ವರದಿ ಬರೆದು ಮುಖ್ಯ ಹೊಣೆಯನ್ನು ಬೌಚ್‌ನ ಮೇಲೆ ಹೊರಿಸಿದನು, ಗುತ್ತಿಗೆದಾರರನ್ನೂ ಬಿಡಲಿಲ್ಲ. ನಕ್ಷೆ, ನಿರ್ಮಾಣದ ಉಸ್ತುವಾರಿ, ಪಾಲನೆ ಮೂರೂ ಬೌಚ್‌ನ ಸುಪರ್ದಿನಲ್ಲಿದ್ದವಲ್ಲ!

1880ರ ಅಕ್ಟೋಬರಿನಲ್ಲಿ ಬೌಚ್ ತೀರಿಕೊಂಡನು. ಮರುವರ್ಷ ಮತ್ತೊಂದು ಸಮಿತಿ ರೈಲು ಸೇತುವೆಗಳಿಗೆ ಚದರಡಿಗೆ 56 ಪೌಂಡು ಗಾಳಿಯೊತ್ತಡವನ್ನು ಲೆಕ್ಕ ಹಿಡಿಯಬೇಕೆಂದು ಶಿಫಾರಸು ಮಾಡಿತು. ನಷ್ಟವನ್ನು ಕರಾರು ಹಂಚಬಲ್ಲದು. ಎಚ್ಚರವನ್ನು ಮಾತ್ರ ಪ್ರತಿಯೊಬ್ಬನೂ ಪೂರ್ತಿಯಾಗಿಯೇ ಹೊರಬೇಕು.