ಒಂದು ಮನೆ, ಮೂರು ರೂಟರ್: ವೈ-ಫೈ ನಮ್ಮ ಮನೆಗೆ ಬಂದ ದಾರಿ

ಪ್ರತಿ ವರ್ಷ ಮಾರ್ಚ್ 8ರಂದು ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ತಪ್ಪದೆ ಬರುತ್ತದೆ. ವೈ-ಫೈ ಕಂಡುಹಿಡಿದವಳು ಹಾಲಿವುಡ್ ನಟಿ ಹೆಡಿ ಲಮಾರ್ ಎಂದು. ಎಂ.ಟೆಕ್. ಓದಿ ಐಟಿ ಕೆಲಸದಲ್ಲಿರುವ ನನಗೆ ಅದನ್ನು ನೋಡಿದಾಗ ಸಂತೋಷವೂ ಆಗುತ್ತದೆ, ಸ್ವಲ್ಪ ಕಸಿವಿಸಿಯೂ ಆಗುತ್ತದೆ. ಅದರಲ್ಲಿರುವುದು ಅರ್ಧ ಸತ್ಯ. ಉಳಿದರ್ಧ ಕಥೆ ಇನ್ನೂ ಸ್ವಾರಸ್ಯವಾಗಿದೆ. ಅದು ಮಿಯಾಪುರ, ಕೊಂಡಾಪುರ, ನಿಜಾಂಪೇಟೆಯ ನಮ್ಮ ಫ್ಲ್ಯಾಟುಗಳಲ್ಲಿ ಟಿವಿ ಪಕ್ಕ ಮಿಣುಕುವ ಡಬ್ಬಿಯವರೆಗೂ ಬಂದಿದೆ. ಈ ಸಂಚಿಕೆಗೆ ಆ ಕಥೆಯನ್ನೇ ಬರೆಯೋಣ ಎನಿಸಿತು.

ಹೆಡಿ ಲಮಾರ್ ಆಸ್ಟ್ರಿಯಾದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ನಟಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಸಂಗೀತಗಾರ ಜಾರ್ಜ್ ಆಂಥೈಲ್ ಜೊತೆ ಸೇರಿ ಒಂದು ಉಪಾಯ ಕಂಡುಹಿಡಿದಳು. ರೇಡಿಯೋ ಮೂಲಕ ನಡೆಸುವ ಟಾರ್ಪಿಡೊವನ್ನು ಶತ್ರುಗಳು ಅದೇ ತರಂಗದಲ್ಲಿ ಗದ್ದಲ ಎಬ್ಬಿಸಿ ದಾರಿ ತಪ್ಪಿಸಬಹುದು. ಕಳಿಸುವವರು, ಪಡೆಯುವವರು ಇಬ್ಬರೂ ಒಂದೇ ತಾಳದಲ್ಲಿ ಒಂದು ತರಂಗದಿಂದ ಇನ್ನೊಂದಕ್ಕೆ ಹಾರುತ್ತಿದ್ದರೆ ಶತ್ರುವಿಗೆ ಹಿಡಿಯಲು ಆಗದು. ಪಿಯಾನೋದ 88 ಮಣೆಗಳ ಲೆಕ್ಕದಲ್ಲೇ 88 ತರಂಗಗಳು! 1942ರ ಆಗಸ್ಟ್ 11ರಂದು ಪೇಟೆಂಟ್ ಸಿಕ್ಕಿತು. ಅದರಲ್ಲಿ ಆಕೆಯ ಹೆಸರು ಹೆಡಿ ಕೀಸ್ಲರ್ ಮಾರ್ಕಿ ಎಂದಿದೆ. 1997ರಲ್ಲಿ ಬಂದ ಮೊದಲ ವೈ-ಫೈ ಮಾನದಂಡದಲ್ಲಿ ಹೀಗೆ ಹಾರುವ ವಿಧಾನವೂ ಒಂದಾಗಿತ್ತು. ನಂತರದ ವೈ-ಫೈ ಅದನ್ನು ಬಿಟ್ಟು ಬೇರೆ ದಾರಿ ಹಿಡಿಯಿತು. ಇಂದಿಗೂ ಹಾರುತ್ತಿರುವುದು ಬ್ಲೂಟೂತ್. ಹಾಗಾಗಿ ಹೆಡಿ ಲಮಾರ್‌ಳನ್ನು ಬ್ಲೂಟೂತ್‌ನ ಅಜ್ಜಿ ಎಂದರೆ ಹೆಚ್ಚು ಸರಿ.

ವೈ-ಫೈ ವಂಶಾವಳಿ ಹುಡುಕುತ್ತಾ ಹೋದರೆ ಸಿಗುವುದು ಹವಾಯಿ ದ್ವೀಪಗಳು. ನಡುವೆ ಸಮುದ್ರ, ತಂತಿ ಎಳೆಯುವುದು ಕಷ್ಟ. ಅಲ್ಲಿನ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು 1971ರಲ್ಲಿ ರೇಡಿಯೋ ಮೂಲಕ ಕಂಪ್ಯೂಟರ್ ಜೋಡಿಸಿ 'ಅಲೋಹಾನೆಟ್' ನಡೆಸಿದರು. 1985ರಲ್ಲಿ ಅಮೆರಿಕ ಸರ್ಕಾರ 2.4 ಗಿಗಾಹರ್ಟ್ಸ್ ಸೇರಿದಂತೆ ಕೆಲವು ತರಂಗಪಟ್ಟಿಗಳನ್ನು ಲೈಸೆನ್ಸ್ ಇಲ್ಲದೆ ಸಂವಹನಕ್ಕೆ ಬಳಸಲು ಬಿಟ್ಟಿತು. ಮೈಕ್ರೋವೇವ್ ಓವನ್ ಕೆಲಸ ಮಾಡುವುದೂ ಅದೇ ಪಟ್ಟಿಯಲ್ಲಿ. ಓವನ್ ಹಚ್ಚಿದಾಗ ಮೀಟಿಂಗ್ ತಡವರಿಸುತ್ತದೆ ಎಂದು ನಮ್ಮಲ್ಲಿ ಕೆಲವರು ಹೇಳುವುದು ಸುಳ್ಳಲ್ಲ. 1997ರ ಮಾನದಂಡದ ವೇಗ ಸೆಕೆಂಡಿಗೆ 2 ಮೆಗಾಬಿಟ್; 1999ರಲ್ಲಿ ಅದು 11ಕ್ಕೆ ಏರಿತು. ಅದೇ ಸುಮಾರಿಗೆ ಒಂದು ಬ್ರ್ಯಾಂಡಿಂಗ್ ಕಂಪನಿ 'ವೈ-ಫೈ' ಎಂಬ ಹೆಸರು ಕೊಟ್ಟಿತು.

ಹೆಣ್ಣುಮಕ್ಕಳ ಪಾಲು ಬೇಕೆಂದರೆ ಹಾಲಿವುಡ್‌ವರೆಗೆ ಹೋಗಬೇಕಾಗಿಲ್ಲ. ಒಂದಕ್ಕೊಂದು ಜೋಡಿಸಿದ ನೆಟ್‌ವರ್ಕ್‌ಗಳಲ್ಲಿ ಮಾಹಿತಿ ಗಾಣದ ಎತ್ತಿನಂತೆ ಸುತ್ತುತ್ತಲೇ ಇರದ ಹಾಗೆ ದಾರಿ ತೋರಿಸುವ 'ಸ್ಪ್ಯಾನಿಂಗ್ ಟ್ರೀ' ವಿಧಾನವನ್ನು 1985ರಲ್ಲಿ ಕೊಟ್ಟವರು ರೇಡಿಯಾ ಪರ್ಲ್‌ಮನ್. ರೂಟರ್ ಮಾರಿ ದೊಡ್ಡದಾದ ಸಿಸ್ಕೊ ಕಂಪನಿಯನ್ನು 1984ರಲ್ಲಿ ಸ್ಥಾಪಿಸಿದ ಇಬ್ಬರಲ್ಲಿ ಒಬ್ಬರು ಸ್ಯಾಂಡಿ ಲರ್ನರ್. ಈ ಎರಡು ಹೆಸರನ್ನೂ ಮುಂದಿನ ಮಾರ್ಚ್ 8ರ ಸಂದೇಶಕ್ಕೆ ಸೇರಿಸಿಕೊಳ್ಳಿ.

ಇನ್ನು ನಮ್ಮ ದೇಶ. 1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಿತು. ಮೋಡೆಮ್ ಕಿರಗುಟ್ಟಿ ಸಂಪರ್ಕ ಸಿಕ್ಕರೆ ಫೋನ್ ಎಂಗೇಜ್ ಆಗುತ್ತಿದ್ದ ಕಾಲ ಅದು. ಮನೆಗೊಂದು ಕಂಪ್ಯೂಟರ್ ಇದ್ದರೆ ಅದೇ ಹೆಚ್ಚು, ಮನೆಯೊಳಗೆ ನೆಟ್‌ವರ್ಕ್ ಯಾರಿಗೆ ಬೇಕಿತ್ತು? 2004ರ ಬ್ರಾಡ್‌ಬ್ಯಾಂಡ್ ನೀತಿ ಕನಿಷ್ಠ ವೇಗ 256 ಕಿಲೋಬಿಟ್ ಎಂದಿತು. 2005ರ ಜನವರಿಯಲ್ಲಿ ಬಿ.ಎಸ್.ಎನ್.ಎಲ್. ಡೇಟಾಒನ್ ಶುರುವಾಯಿತು. ಅದೇ ತಿಂಗಳು ಕೇಂದ್ರ ಸರ್ಕಾರ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಕಡಿಮೆ ಶಕ್ತಿಯ ಉಪಕರಣಗಳಿಗೆ ಲೈಸೆನ್ಸ್ ಇಲ್ಲದೆ ಮುಕ್ತಗೊಳಿಸಿತು. 2018ರಲ್ಲಿ 5 ಗಿಗಾಹರ್ಟ್ಸ್‌ನ ವಿಸ್ತಾರವಾದ ಪಟ್ಟಿಗಳೂ ತೆರೆದವು.

ಹೈದರಾಬಾದಿನಲ್ಲಿ ಈ ಕಥೆ ಓಡಿದ ರೀತಿಯೇ ಬೇರೆ. 1998ರ ನವೆಂಬರಿನಲ್ಲಿ ಪ್ರಧಾನಿ ವಾಜಪೇಯಿಯವರು ಸೈಬರ್ ಟವರ್ಸ್ ಉದ್ಘಾಟಿಸಿದರು. ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರದ ಸುತ್ತ ಬೆಳೆದ ಹಿಂದಿನ ತಲೆಮಾರಿನ ಕನ್ನಡಿಗರ ಜೊತೆಗೆ, ನಗರದ ಪಶ್ಚಿಮದಲ್ಲಿ ನಮ್ಮಂಥ ಐಟಿ ಕನ್ನಡಿಗರ ಇನ್ನೊಂದು ತಲೆಮಾರು ನೆಲೆಯೂರಿತು. 2017ರ ಮಾರ್ಚಿನಲ್ಲಿ ಎಸಿಟಿ ಫೈಬರ್‌ನೆಟ್ ಇಲ್ಲಿನ ಮನೆಗಳಿಗೆ ಸೆಕೆಂಡಿಗೆ 1 ಗಿಗಾಬಿಟ್ ಸೇವೆ ಪ್ರಕಟಿಸಿತು. ದಾರಿ ಅಗಲವಾಯಿತು. ಆದರೆ ಮನೆಯೊಳಗೆ ಬಾಗಿಲು ಹಾಕುವ ಬಗ್ಗೆ ಯಾರೂ ಯೋಚಿಸಲಿಲ್ಲ.

ಹಳೆಯ ಮನೆಗಳನ್ನು ನೆನಪಿಸಿಕೊಳ್ಳಿ. ಹೊರಗೆ ಕಟ್ಟೆ, ಆಮೇಲೆ ಪಡಸಾಲೆ, ನಂತರ ನಡುಮನೆ, ಒಳಗೆ ದೇವರ ಕೋಣೆ. ದಾರಿಹೋಕರು ಕಟ್ಟೆಯ ಮೇಲೆ ಕೂತು ನೀರು ಕುಡಿದು ಹೋಗುತ್ತಿದ್ದರು. ಪರಿಚಯದವರು ಪಡಸಾಲೆಗೆ ಬರುತ್ತಿದ್ದರು. ತಿಜೋರಿ ಮಾತ್ರ ಒಳಗೆ. ನಮ್ಮ ವೈ-ಫೈಯಲ್ಲಿ ಈ ವ್ಯವಸ್ಥೆಯೇ ಇಲ್ಲ. ಆಫೀಸಿನ ಲ್ಯಾಪ್‌ಟಾಪ್, ಬ್ಯಾಂಕಿನ ಆ್ಯಪ್ ಇರುವ ಫೋನ್, ಮಕ್ಕಳ ಟ್ಯಾಬ್, ಆನ್‌ಲೈನಿನಲ್ಲಿ ಅಗ್ಗಕ್ಕೆ ಕೊಂಡ ಕ್ಯಾಮೆರಾ, ಸ್ಮಾರ್ಟ್ ಬಲ್ಬ್, ಹಬ್ಬಕ್ಕೆ ಬಂದ ನೆಂಟರ ಮೊಬೈಲ್, ಎಲ್ಲವೂ ಒಂದೇ ಕೋಣೆಯಲ್ಲಿ ಕೂತಿರುತ್ತವೆ.

ಇದರಲ್ಲಿ ಅಪಾಯ ಏನು ಎಂಬುದನ್ನು 2016 ತೋರಿಸಿತು. 'ಮಿರಾಯ್' ಎಂಬ ಕುತಂತ್ರಾಂಶ ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡ್ ಬದಲಾಯಿಸದ ಕ್ಯಾಮೆರಾ, ರೂಟರುಗಳಿಗೆ ಹೊಕ್ಕಿತು. ಹೀಗೆ ವಶಪಡಿಸಿಕೊಂಡ ಉಪಕರಣಗಳಿಂದ ಅಕ್ಟೋಬರ್ 21ರಂದು ಡೈನ್ ಎಂಬ ಕಂಪನಿಯ ಮೇಲೆ ನಡೆದ ದಾಳಿಗೆ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಗಂಟೆಗಟ್ಟಲೆ ತೊಂದರೆಗೊಳಗಾದವು. ಅಂಥ ಒಂದು ಉಪಕರಣ ನಮ್ಮ ಮನೆಯಲ್ಲಿದ್ದರೆ ಅದರ ಪಕ್ಕದಲ್ಲೇ ನಮ್ಮ ಲ್ಯಾಪ್‌ಟಾಪ್ ಇರುತ್ತದೆ. 2020ರ ಲಾಕ್‌ಡೌನ್ ಬಂದ ಮೇಲಂತೂ ಕಚೇರಿ, ಶಾಲೆ, ಬ್ಯಾಂಕು ಮೂರೂ ಊಟದ ಮೇಜಿಗೇ ಬಂದವು.

ಅದೇ 2016ರಲ್ಲಿ ಸ್ಟೀವ್ ಗಿಬ್ಸನ್ ಎಂಬ ಅಮೆರಿಕದ ಭದ್ರತಾ ತಜ್ಞರು ಒಂದು ಸರಳ ಉಪಾಯವನ್ನು ಜನಪ್ರಿಯಗೊಳಿಸಿದರು: ದುಬಾರಿ ಉಪಕರಣ ಬೇಡ, ಮೂರು ಸಾಧಾರಣ ರೂಟರ್ ಸಾಕು. ಇದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು 1994ಕ್ಕೆ ಹೋಗಬೇಕು. ಇಂಟರ್ನೆಟ್ ವಿಳಾಸಗಳು ಮುಗಿದುಹೋಗುತ್ತವೆ ಎಂಬ ಆತಂಕದಲ್ಲಿ ಆ ವರ್ಷ 'ನ್ಯಾಟ್' ಎಂಬ ವ್ಯವಸ್ಥೆಯ ವಿವರ ಪ್ರಕಟವಾಯಿತು. ಮನೆಗೆಲ್ಲ ಒಂದೇ ಹೊರ ವಿಳಾಸ, ಒಳಗೆ 192.168 ಎಂದು ಶುರುವಾಗುವಂಥ ಖಾಸಗಿ ವಿಳಾಸ. ರೂಟರ್ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಇದ್ದಂತೆ. ಒಳಗಿನವರು ಕರೆದಿದ್ದರೆ ಮಾತ್ರ ಡೆಲಿವರಿ ಹುಡುಗನನ್ನು ಬಿಡುತ್ತಾನೆ. ಕರೆಯದೆ ಬಂದವನನ್ನು ಗೇಟಿನಲ್ಲೇ ನಿಲ್ಲಿಸುತ್ತಾನೆ.

ನಮ್ಮ ಮನೆಯಲ್ಲಿ ನಾನು ಮಾಡಿರುವುದು ಇದೇ. ಫೈಬರ್ ಬಂದು ಸೇರುವುದು ಮೊದಲ ರೂಟರಿಗೆ. ಅದರ ವೈ-ಫೈ ಆಫ್ ಮಾಡಿದ್ದೇನೆ. ಅದರಿಂದ ಎರಡು ಕೇಬಲ್ ಹೊರಟು ಉಳಿದೆರಡು ರೂಟರುಗಳ 'ವ್ಯಾನ್' ಪೋರ್ಟಿಗೆ ಹೋಗುತ್ತವೆ. 'ಲ್ಯಾನ್' ಪೋರ್ಟಿಗೆ ಹಾಕಿದರೆ ಎಲ್ಲವೂ ಮತ್ತೆ ಒಂದೇ ಕೋಣೆಯಾಗಬಹುದು, ಎಚ್ಚರ. ಮೊದಲನೆಯದರ ಒಳ ವಿಳಾಸ 192.168.1, ಎರಡನೆಯದರದು 192.168.10, ಮೂರನೆಯದರದು 192.168.20. ಎರಡನೆಯದರಲ್ಲಿ ಲ್ಯಾಪ್‌ಟಾಪ್ ಮತ್ತು ನಮ್ಮ ಫೋನ್‌ಗಳು; ಮೂರನೆಯದರಲ್ಲಿ ಕ್ಯಾಮೆರಾ, ಬಲ್ಬ್, ಟಿವಿ, ನೆಂಟರು. ಎರಡಕ್ಕೂ ಬೇರೆ ಬೇರೆ ಹೆಸರು, ಬೇರೆ ಬೇರೆ ಪಾಸ್‌ವರ್ಡ್. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ತಾಕದ ಚಾನೆಲ್‌ಗಳು 1, 6, 11 ಮಾತ್ರ, ಆದ್ದರಿಂದ ಒಂದಕ್ಕೆ 1, ಇನ್ನೊಂದಕ್ಕೆ 11 ಇಟ್ಟಿದ್ದೇನೆ.

ಎರಡೇ ರೂಟರ್ ಸಾಲದೇ ಎಂದು ಗೆಳತಿಯರು ಕೇಳುತ್ತಾರೆ. ಕ್ಯಾಮೆರಾಗಳನ್ನು ಹೊರ ರೂಟರಿನಲ್ಲಿ, ಲ್ಯಾಪ್‌ಟಾಪನ್ನು ಅದರ ಹಿಂದಿನ ಒಳ ರೂಟರಿನಲ್ಲಿ ಇಟ್ಟರೆ ಕ್ಯಾಮೆರಾ ತಾನಾಗಿ ಒಳಗೆ ಬರಲಾರದು, ನಿಜ. ಆದರೆ ಲ್ಯಾಪ್‌ಟಾಪಿನ ಮಾಹಿತಿಯೆಲ್ಲ ಕ್ಯಾಮೆರಾ ಕೂತಿರುವ ಪಡಸಾಲೆಯನ್ನು ದಾಟಿಯೇ ಹೋಗಬೇಕು. ಕೆಟ್ಟುಹೋದ ಉಪಕರಣ 'ನಾನೇ ರೂಟರ್' ಎಂದು ನಟಿಸಿ ಅದನ್ನು ತನ್ನ ಕಡೆ ತಿರುಗಿಸಿಕೊಳ್ಳಬಹುದು. ಮೂರನೆಯದು ಬೇಕಾಗುವುದು ಅದಕ್ಕೇ. ತೊಂದರೆ ಇಲ್ಲವೆಂದಲ್ಲ: ನ್ಯಾಟ್ ಎರಡು ಸಲ ಆಗುವುದರಿಂದ ಕೆಲವು ಆನ್‌ಲೈನ್ ಆಟಗಳು ತಕರಾರು ಮಾಡುತ್ತವೆ. ಫೋನಿನಿಂದ ಟಿವಿಗೆ ಚಿತ್ರ ಕಳಿಸಬೇಕಾದರೆ ಫೋನನ್ನು ಮೂರನೆಯದಕ್ಕೆ ಬದಲಾಯಿಸಬೇಕು. ಕರೆಂಟ್ ಹೋದರೆ ಮೂರಕ್ಕೂ ಇನ್ವರ್ಟರ್ ಬೇಕು. ಇಷ್ಟು ಬೇಡವೆನ್ನುವವರು ಇರುವ ರೂಟರಿನಲ್ಲೇ 'ಗೆಸ್ಟ್ ನೆಟ್‌ವರ್ಕ್' ತೆರೆದು ಕ್ಯಾಮೆರಾಗಳನ್ನು ಅದಕ್ಕೆ ಹಾಕಲಿ. ಏನೂ ಮಾಡದಿರುವುದಕ್ಕಿಂತ ಅದು ಬಹಳ ಮೇಲು.

ಕೊನೆಯದಾಗಿ, ಈ ಲೇಖನ ಬರೆಯಲು ನಿಜವಾದ ಕಾರಣ. ಈ ನಗರದ ಹಳೆಯ ನವಾಬರ ದೇವಡಿಗಳಲ್ಲಿ ಜನಾನಾ, ಮರ್ದಾನಾ ಎಂದು ಎರಡು ಭಾಗಗಳಿದ್ದವು. ಆ ಗೋಡೆ ಎಲ್ಲಿ ಏಳಬೇಕು ಎಂದು ತೀರ್ಮಾನಿಸಿದವರು ಒಳಗಿದ್ದ ಹೆಂಗಸರಲ್ಲ. ಇಂದು ನಮ್ಮ ಮನೆಗಳ ಈ ಕಾಣದ ಗೋಡೆಯನ್ನು ಯಾರು ತೀರ್ಮಾನಿಸುತ್ತಾರೆ? ನನ್ನ ಪರಿಚಯದ ಎಷ್ಟೋ ಮನೆಗಳಲ್ಲಿ ಹೆಂಗಸರಿಗೆ ವೈ-ಫೈ ಪಾಸ್‌ವರ್ಡ್ ಗೊತ್ತು, ರೂಟರಿನ ಅಡ್ಮಿನ್ ಪಾಸ್‌ವರ್ಡ್ ಗೊತ್ತಿಲ್ಲ. 'ಅದೆಲ್ಲ ಅವರೇ ನೋಡ್ಕೋತಾರೆ' ಎನ್ನುತ್ತಾರೆ. ಆ 'ಅವರು' ಗಂಡನೋ ಮಗನೋ ಇರಬಹುದು. ಕೆಲವು ಕಡೆ ಸಂಪರ್ಕ ಹಾಕಿ ಹೋದ ಹುಡುಗನನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಅದೇ ಮನೆಯ ಹಾಲಿನಲ್ಲಿ ದಿನವಿಡೀ ಕ್ಯಾಮೆರಾ ಉರಿಯುತ್ತಿರುತ್ತದೆ. ಅದರ ಮುಂದೆ ಓಡಾಡುವವರು ನಾವು, ನಮ್ಮ ಅತ್ತೆಯವರು, ಕೆಲಸಕ್ಕೆ ಬರುವ ಹೆಣ್ಣುಮಗಳು. ಅದು ನೋಡಿದ್ದು ಯಾರ ಫೋನಿಗೆ ಹೋಗುತ್ತದೆ ಎಂದು ತಿಳಿದುಕೊಳ್ಳುವ ಹಕ್ಕು ಅವರಿಗೂ ಇದೆ.

ಹಾಗಾಗಿ ಮೂರು ರೂಟರ್ ನಾಳೆಯೇ ಕೊಳ್ಳಿ ಎನ್ನುವುದಿಲ್ಲ. ಈ ಭಾನುವಾರ ರೂಟರ್ ತಿರುಗಿಸಿ ಅದರ ಹಿಂದಿನ ಚೀಟಿ ಓದಿ. ಅಲ್ಲಿರುವ ವಿಳಾಸವನ್ನು ಬ್ರೌಸರಿನಲ್ಲಿ ಹಾಕಿ ಒಳಗೆ ಹೋಗಿ. ಯಾವ್ಯಾವ ಉಪಕರಣಗಳು ಸೇರಿಕೊಂಡಿವೆ ಎಂಬ ಪಟ್ಟಿ ನೋಡಿ. ಗುರುತಿಲ್ಲದ ಹೆಸರಿದ್ದರೆ ಮನೆಯಲ್ಲಿ ಕೇಳಿ. ಕಾರ್ಖಾನೆಯ ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ, ಹೊಸದನ್ನು ಮನೆಯ ಇಬ್ಬರಿಗಾದರೂ ತಿಳಿಯುವಂತೆ ಬರೆದಿಡಿ. ಆಮೇಲೆ ಗೋಡೆ ಎಲ್ಲಿ ಬೇಕು ಎಂದು ಕೂತು ಮಾತಾಡಿ. ಏನಾದರೂ ಸಿಕ್ಕಿಕೊಂಡರೆ ನಮ್ಮ ಮಹಿಳಾ ವೇದಿಕೆಯ ಗುಂಪಿನಲ್ಲಿ ಕೇಳಿ. ನಾನಿದ್ದೇನೆ, ನಮ್ಮಲ್ಲಿ ಇನ್ನೂ ಹಲವು ಎಂಜಿನಿಯರ್ ಹೆಣ್ಣುಮಕ್ಕಳಿದ್ದಾರೆ.