ಪೀರ್

ಸೂಫಿ ಪಂಥಗಳಲ್ಲಿ ಶಿಷ್ಯನಿಗೆ ದೀಕ್ಷೆ ಕೊಟ್ಟು ಸಾಧನೆಯ ಹಾದಿಯಲ್ಲಿ ನಡೆಸುವ ಗುರುವಿನ ಬಿರುದು. ಪಾರಸಿಯಲ್ಲಿ ಈ ಪದಕ್ಕೆ ಮುದುಕ, ಹಿರಿಯ ಎಂದಷ್ಟೇ ಅರ್ಥ. ಅರಬ್ಬಿಯ ‘ಶೇಖ್’ ಪದದ ಮೂಲಾರ್ಥವೂ ಇದೇ. ಗುರುವಿಗೆ ‘ಮುರ್ಷಿದ್’ (ದಾರಿ ತೋರುವವ) ಎಂಬ ಹೆಸರೂ ಉಂಟು, ಶಿಷ್ಯ ‘ಮುರೀದ್’.

ಈ ಬಿರುದಿಗೆ ತೂಕ ಬಂದದ್ದು 11ನೆಯ ಶತಮಾನದ ಹೊತ್ತಿಗೆ, ಖುರಾಸಾನದ ಸೀಮೆಯಲ್ಲಿ. ಮೊದಮೊದಲ ಸೂಫಿಗಳು ಊರೂರು ಅಲೆದು ಹಲವು ಗುರುಗಳಿಂದ ಕಲಿಯುತ್ತಿದ್ದರು. ಒಬ್ಬನೇ ಗುರುವಿಗೆ ತನ್ನನ್ನು ಒಪ್ಪಿಸಿಕೊಂಡು ಅವನ ಖಾನಖಾದಲ್ಲಿ (ಸೂಫಿ ಮಠದಲ್ಲಿ) ಇದ್ದು ಪಳಗುವ ರೂಢಿ ಆಮೇಲೆ ಬೇರೂರಿತು. ಈ ಹಿರಿತನಕ್ಕೆ ನರೆತ ಗಡ್ಡ ಬೇಕಿರಲಿಲ್ಲ, ಪಾಂಡಿತ್ಯವೂ ಬೇಕಿರಲಿಲ್ಲ. ‘ಪೀರ್-ಎ-ಹೆರಾತ್’ ಎಂದು ಹೆಸರಾದ ಅಬ್ದುಲ್ಲಾ ಅನ್ಸಾರಿ (1006-1089) ಹದೀಸ್ ಅರೆದು ಕುಡಿದ ವಿದ್ವಾಂಸ. ಅವರು ತಲೆಬಾಗಿದ ಅಬುಲ್ ಹಸನ್ ಖರಖಾನಿಯವರನ್ನು ಪರಂಪರೆ ಅಕ್ಷರ ಕಲಿಯದ ಹಳ್ಳಿಗನೆಂದೇ ನೆನೆಯುತ್ತದೆ.

ಗುರುವಿನ ಕೈಯಲ್ಲಿ ಕೈಯಿಟ್ಟು ಮಾಡುವ ಪ್ರತಿಜ್ಞೆಗೆ ಬೈಅತ್ ಎನ್ನುತ್ತಾರೆ. ಗುರುವಿನಿಂದ ಗುರುವಿಗೆ ಏರುತ್ತ ಪ್ರವಾದಿಯವರೆಗೆ ಮುಟ್ಟುವ ಹೆಸರುಗಳ ಸಾಲು ಸಿಲ್ಸಿಲಾ. ಅದನ್ನು ಬರೆದಿಟ್ಟ ಪಟ್ಟಿ ಶಜರಾ. ಪೀರನ ಅಧಿಕಾರವೆಲ್ಲ ನಿಂತಿರುವುದು ಈ ಸಾಲಿನ ಮೇಲೆ. ಹೆಚ್ಚಿನ ಪಂಥಗಳ ಸಾಲು ಅಲಿಯವರ ಮೂಲಕ ಹೋದರೆ, ನಕ್ಷಬಂದಿಗಳದು ಅಬೂಬಕರ್ ಅವರ ಮೂಲಕ ಹೋಗುತ್ತದೆ.

ಕನ್ನಡ ನಾಡಿನಲ್ಲಿ ದೊಡ್ಡ ಹೆಸರು ಕಲಬುರಗಿಯ ಖ್ವಾಜಾ ಬಂದೇ ನವಾಜ್ ಗೇಸುದರಾಜ್ (1321-1422). ದಿಲ್ಲಿಯ ನಸೀರುದ್ದೀನ್ ಚಿರಾಗ್ ಅವರ ಈ ಶಿಷ್ಯರು 1398ರಲ್ಲಿ ತೈಮೂರನ ದಾಳಿಯ ಕಾಲಕ್ಕೆ ದಿಲ್ಲಿ ಬಿಟ್ಟು, ಮುಂದೆ ಬಹಮನಿ ಫಿರೋಜ್ ಶಾಹನ ರಾಜಧಾನಿಯಲ್ಲಿ ನೆಲೆಸಿದರು. ಅಲ್ಲಿನ ಅವರ ದರ್ಗಾದ ಸಜ್ಜಾದಾ ನಶೀನ್ (ಗುರುಪೀಠದ ಉತ್ತರಾಧಿಕಾರಿ) ಪಟ್ಟ ಇಂದಿಗೂ ಅವರ ಮನೆತನದಲ್ಲೇ ಇದೆ.

ಸಾಧನೆಯಿಂದ ಬರಬೇಕಿದ್ದ ಹಿರಿತನ ರಕ್ತದಿಂದ ಬರತೊಡಗಿದ್ದು ಬಿರುದಿನ ಚರಿತ್ರೆಯ ದೊಡ್ಡ ತಿರುವು. ವಿಜಯಪುರದ ಆದಿಲ್‌ಶಾಹಿಯಲ್ಲಿ ಇನಾಮು ಜಮೀನು ಪಡೆದ ಸೂಫಿ ಮನೆತನಗಳು ಬೆಳೆದವು. ಪೀರನ ವಂಶದವರು ‘ಪೀರ್‌ಜಾದೆ’ಗಳಾದರು. ಸಿಂಧದಲ್ಲಂತೂ ಪೀರ್ ಎಂದರೆ ಜಮೀನ್ದಾರ, ರಾಜಕಾರಣಿ ಎಲ್ಲವೂ. ‘ಹುರ್’ ಎನಿಸಿಕೊಂಡ ಅನುಯಾಯಿಗಳ ಮುಖ್ಯಸ್ಥ ಪೀರ್ ಪಗಾರೊ ಸಿಬ್ಗತುಲ್ಲಾ ಶಾಹರನ್ನು ಬ್ರಿಟಿಷರು 1943ರಲ್ಲಿ ಗಲ್ಲಿಗೇರಿಸಿದರು.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಪದ ಗುರುವನ್ನೇ ಬಿಟ್ಟು ಬೇರೆಡೆ ಹೋಗಿ ಕೂತಿದೆ. ಅಲ್ಲಿ ಮೊಹರಮ್ ಎಂದರೆ ಪೀರಲ ಹಬ್ಬ. ‘ಪೀರಲ ದೇವರು’ ಎಂದರೆ ಬಣ್ಣದ ಬಟ್ಟೆ ಸುತ್ತಿ ಕೂಡಿಸುವ ಲೋಹದ ಪಂಜಾ (ಹಸ್ತ). ಅದು ನೆನಪಿಸುವುದು ಕರ್ಬಲಾದ ಹಸೇನ್-ಹುಸೇನರನ್ನು, ಅಂದರೆ ಪ್ರವಾದಿಯ ಮೊಮ್ಮಕ್ಕಳಾದ ಹಸನ್ ಮತ್ತು ಹುಸೇನರನ್ನು, ಎಂದು ಜನ ಹೇಳುತ್ತಾರೆ; ಸೂಫಿ ಸಿಲ್ಸಿಲಾಗಳಿಗೂ ಇದಕ್ಕೂ ನೇರ ನಂಟಿಲ್ಲ. (ಹಸನ್ ಕರ್ಬಲಾದ ಯುದ್ಧಕ್ಕೂ ಮೊದಲೇ ತೀರಿಕೊಂಡವರು, ಹಬ್ಬದ ಹಾಡುಗಳಿಗೆ ಆ ಲೆಕ್ಕ ಬೇಕಿಲ್ಲ.) ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ರಿವಾಯತ್ ಪದ ಹಾಡುವವರಲ್ಲಿ ಹಿಂದೂಗಳೂ ಇರುತ್ತಾರೆ. ಹರಕೆ ಹೊತ್ತ ಮೇಲೆ ಹುಟ್ಟಿದ ಮಗನಿಗೆ ಪೀರಪ್ಪ ಎಂದು ಹೆಸರಿಡುವುದೂ ಉಂಟು.