ಪಾಟಲೀಪುತ್ರದ ನಗರಾಡಳಿತ: ಆರು ಪಂಚಕಗಳ ವಿಚಾರ

ಮಗಧದ ರಾಜಧಾನಿಯಾದ ಪಾಟಲೀಪುತ್ರವನ್ನು ಚಂದ್ರಗುಪ್ತ ಮೌರ್ಯನ ಕಾಲದಲ್ಲಿ ಮೂವತ್ತು ಮಂದಿ ಅಧಿಕಾರಿಗಳು ಆಳುತ್ತಿದ್ದರೆಂದೂ, ಅವರು ಐದೈದು ಜನರ ಆರು ಪಂಚಕಗಳಾಗಿ ವಿಭಕ್ತರಾಗಿದ್ದರೆಂದೂ ಚರಿತ್ರೆಯ ಪಾಠಪುಸ್ತಕಗಳು ಬಹುಕಾಲದಿಂದ ಬೋಧಿಸುತ್ತ ಬಂದಿವೆ. ಇದನ್ನೇ ಆಧಾರವಾಗಿಟ್ಟುಕೊಂಡು ಕೆಲವರು, ಇಂದಿನ ಪೌರಸಭೆಗಳಲ್ಲಿ ಕಾಣುವ ಸ್ಥಾಯೀ ಸಮಿತಿಗಳ ಪದ್ಧತಿಯು ೨೩೦೦ ವರ್ಷಗಳ ಹಿಂದೆಯೇ ಭರತಖಂಡದಲ್ಲಿ ಪೂರ್ಣವಾಗಿ ಬೆಳೆದಿದ್ದಿತೆಂದು ಹೆಮ್ಮೆಪಟ್ಟಿರುವರು. ಮತ್ತೆ ಕೆಲವರು, ಅದು ಪರದೇಶೀಯನೊಬ್ಬನ ಕಲ್ಪನೆಯೆಂದು ತಳ್ಳಿಹಾಕಿರುವರು. ಹೆಮ್ಮೆಯೂ ನಿರಾಕರಣೆಯೂ ಪ್ರಮಾಣವಲ್ಲ. ಈ ವಿಷಯದಲ್ಲಿ ದೊರೆಯುವ ಸಾಧನಗಳನ್ನು ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ತೂಗಿ ನೋಡುವುದೇ ಇಲ್ಲಿಯ ಉದ್ದೇಶವು.

ಆರು ಪಂಚಕಗಳ ವೃತ್ತಾಂತಕ್ಕೆ ಮೂಲನು ಮೆಗಾಸ್ಥನೀಸನು. ಕ್ರಿ. ಪೂ. ಸುಮಾರು ೩೦೩ರಲ್ಲಿ ಸೆಲ್ಯೂಕಸನಿಗೂ ಚಂದ್ರಗುಪ್ತನಿಗೂ ಸಂಧಿಯಾದ ತರುವಾಯ ಈತನು ರಾಯಭಾರಿಯಾಗಿ ಮಗಧಕ್ಕೆ ಬಂದು, ತಾನು ಕಂಡು ಕೇಳಿದುದನ್ನು ‘ಇಂಡಿಕಾ’ ಎಂಬ ಗ್ರಂಥದಲ್ಲಿ ಬರೆದಿಟ್ಟನು. ಆ ಗ್ರಂಥವು ಲುಪ್ತವಾಗಿದೆ. ಸ್ಟ್ರಾಬೋ, ಅರ್ರಿಯನ್, ಡಿಯೊಡೋರಸ್ ಮೊದಲಾದವರು ತಮ್ಮ ಗ್ರಂಥಗಳಲ್ಲಿ ಎತ್ತಿಕೊಂಡ ಭಾಗಗಳು ಮಾತ್ರ ಉಳಿದಿವೆ. ಇವನ್ನು ಷ್ವಾನ್‌ಬೆಕ್ ಎಂಬ ಜರ್ಮನ್ ವಿದ್ವಾಂಸನು ೧೮೪೬ರಲ್ಲಿ ಒಟ್ಟುಗೂಡಿಸಿದನು. ಮೆಕ್‌ಕ್ರಿಂಡಲನು ೧೮೭೭ರಲ್ಲಿ ಇಂಗ್ಲಿಷಿಗೆ ಪರಿವರ್ತಿಸಿದನು. ನಗರಾಡಳಿತದ ಭಾಗವು ಸ್ಟ್ರಾಬೋವಿನ ೧೫ನೆಯ ಪುಸ್ತಕದಲ್ಲಿದೆ. ಅದನ್ನು ಉದ್ಧರಿಸಿದ ಸ್ಟ್ರಾಬೋವೇ ಬೇರೊಂದೆಡೆಯಲ್ಲಿ, ಭಾರತವನ್ನು ಕುರಿತು ಬರೆದವರು ಬಹುಮಟ್ಟಿಗೆ ಸುಳ್ಳುಗಾರರೆಂದು ನಿಂದಿಸಿರುವುದನ್ನು ಮರೆಯಲಾಗದು.

ಆ ಭಾಗದಲ್ಲಿ ಮೂರು ವರ್ಗದ ಅಧಿಕಾರಿಗಳು ಹೇಳಲ್ಪಟ್ಟಿರುವರು. ಮೊದಲನೆಯವರು ನದಿ, ಕಾಲುವೆ, ಭೂಮಾಪನ, ಮಾರ್ಗಗಳನ್ನು ನೋಡಿಕೊಳ್ಳುವವರು. ಹಸ್ತಪ್ರತಿಗಳಲ್ಲಿ ಇವರಿಗೆ ‘ಪೇಟೆಯ ಅಧಿಕಾರಿಗಳು’ ಎಂಬರ್ಥದ ಹೆಸರಿದ್ದರೂ, ಕಾರ್ಯಗಳೆಲ್ಲವೂ ನಾಡಿಗೆ ಸಂಬಂಧಿಸಿರುವುದರಿಂದ ‘ನಾಡಿನ ಅಧಿಕಾರಿಗಳು’ ಎಂದು ಪಾಠವನ್ನು ತಿದ್ದಿಕೊಳ್ಳುವುದು ವಾಡಿಕೆಯಾಗಿದೆ. ಎರಡನೆಯವರು ನಗರಾಧಿಕಾರಿಗಳು. ಮೂರನೆಯವರು ಸೇನಾಧಿಕಾರಿಗಳು.

ನಗರಾಧಿಕಾರಿಗಳ ಆರು ಪಂಚಕಗಳ ಕಾರ್ಯಗಳು ಹೀಗಿವೆ. ಮೊದಲನೆಯದು ಕುಶಲಕರ್ಮಗಳನ್ನು ನೋಡಿಕೊಳ್ಳುವುದು. ಎರಡನೆಯದು ಪರದೇಶೀಯರ ಯೋಗಕ್ಷೇಮವನ್ನು ವಿಚಾರಿಸುವುದು: ಅವರಿಗೆ ಬಿಡಾರವನ್ನು ಕೊಡಿಸಿ, ಸೇವಕರ ಮೂಲಕ ಅವರ ನಡತೆಯನ್ನು ಗಮನಿಸಿ, ರೋಗ ಬಂದರೆ ಶುಶ್ರೂಷೆ ಮಾಡಿಸಿ, ಸತ್ತರೆ ಹೂಳಿಸಿ, ಸೊತ್ತನ್ನು ಸಂಬಂಧಪಟ್ಟವರಿಗೆ ಕಳುಹಿಸುವುದು. ಮೂರನೆಯದು ಜನನಮರಣಗಳ ಲೆಕ್ಕವನ್ನಿಡುವುದು. ಇದು ತೆರಿಗೆಗಾಗಿ ಮಾತ್ರವಲ್ಲದೆ, ಉಚ್ಚರಾಗಲಿ ನೀಚರಾಗಲಿ ಯಾರ ಹುಟ್ಟುಸಾವುಗಳೂ ರಾಜನಿಗೆ ತಿಳಿಯದೆ ಹೋಗಬಾರದೆಂಬುದಕ್ಕಾಗಿ. ನಾಲ್ಕನೆಯದು ಚಿಲ್ಲರೆ ವ್ಯಾಪಾರ, ಅಳತೆಗಳು, ಆಯಾ ಋತುವಿನ ಫಸಲಿನ ಮಾರಾಟ. ಇಮ್ಮಡಿ ತೆರಿಗೆ ಕೊಟ್ಟ ಹೊರತು ಒಬ್ಬನು ಒಂದಕ್ಕಿಂತ ಹೆಚ್ಚು ಬಗೆಯ ಸರಕನ್ನು ಮಾರುವಂತಿಲ್ಲ. ಐದನೆಯದು ತಯಾರಾದ ವಸ್ತುಗಳ ಮಾರಾಟ. ಹೊಸದನ್ನೂ ಹಳೆಯದನ್ನೂ ಬೇರೆಬೇರೆಯಾಗಿ ಮಾರಬೇಕು, ಬೆರಸಿದವನಿಗೆ ದಂಡ. ಆರನೆಯದು ಮಾರಿದ ವಸ್ತುವಿನ ಬೆಲೆಯಲ್ಲಿ ಹತ್ತನೆಯ ಒಂದು ಪಾಲನ್ನು ವಸೂಲು ಮಾಡುವುದು. ಇದನ್ನು ಕದ್ದವನಿಗೆ ಮರಣದಂಡನೆ. ಈ ಆರು ಪಂಚಕಗಳೂ ಕೂಡಿ ಸಾರ್ವಜನಿಕ ಕಟ್ಟಡಗಳ ದುರಸ್ತಿ, ಬೆಲೆಗಳ ನಿಯಮನ, ಪೇಟೆ, ರೇವು, ದೇವಾಲಯ ಇವುಗಳನ್ನು ನೋಡಿಕೊಳ್ಳುತ್ತಿದ್ದುವು.

ಇನ್ನು ಸ್ವದೇಶೀಯ ಸಾಧನವು. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯು ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ಆರ್. ಶಾಮಶಾಸ್ತ್ರಿಗಳ ದೃಷ್ಟಿಗೆ ಬಿದ್ದು, ೧೯೦೯ರಲ್ಲಿ ಅವರಿಂದ ಮುದ್ರಿತವಾಯಿತು. ಅದರ ಎರಡನೆಯ ಅಧಿಕರಣದ ೩೬ನೆಯ ಅಧ್ಯಾಯವು ನಗರಾಡಳಿತಕ್ಕೇ ಮೀಸಲಾದುದು. ಅಲ್ಲಿ ನಗರಕ್ಕೆ ಒಬ್ಬನೇ ಮುಖ್ಯಾಧಿಕಾರಿ. ಆತನ ಹೆಸರು ‘ನಾಗರಿಕ’. ಇಂದು ಪುರವಾಸಿಯನ್ನೂ ಸಭ್ಯನನ್ನೂ ಸೂಚಿಸುವ ಈ ಪದವು ಅಲ್ಲಿ ಪುರವನ್ನು ಪಾಲಿಸುವವನ ಅಧಿಕಾರನಾಮವಾಗಿದೆ. ಆತನ ಕೆಳಗೆ ನಗರದ ನಾಲ್ಕನೆಯ ಒಂದೊಂದು ಭಾಗಕ್ಕೆ ಒಬ್ಬೊಬ್ಬ ‘ಸ್ಥಾನಿಕ’ನು, ಅವನ ಕೆಳಗೆ ಹತ್ತು, ಇಪ್ಪತ್ತು, ಅಥವಾ ನಲವತ್ತು ಕುಟುಂಬಗಳಿಗೆ ಒಬ್ಬೊಬ್ಬ ‘ಗೋಪ’ನು. ಗೋಪನು ತನ್ನ ಪಾಲಿನ ಸ್ತ್ರೀಪುರುಷರ ಜಾತಿ, ಗೋತ್ರ, ನಾಮ, ಕಸಬು, ಸಂಖ್ಯೆ, ಆಯವ್ಯಯ ಇಷ್ಟನ್ನೂ ಅರಿತಿರಬೇಕು. ಧರ್ಮಛತ್ರದವರು ಪಾಷಂಡರಿಗೂ ದಾರಿಗರಿಗೂ ತಿಳಿಸದೆ ಇಂಬುಕೊಡಬಾರದು. ಮನೆಗೆ ಬಂದವರನ್ನೂ ಮನೆಯಿಂದ ಹೋದವರನ್ನೂ ಗೃಹಸ್ಥನು ತಿಳಿಸಬೇಕು. ತಪ್ಪಿದರೆ ಆ ರಾತ್ರಿ ನಡೆದ ಅಪರಾಧಕ್ಕೆ ಅವನೇ ಹೊಣೆ.

ಬೆಂಕಿಯ ಭಯಕ್ಕೆ ಆ ಅಧ್ಯಾಯವು ಕೊಟ್ಟಿರುವ ಗಮನವು ವಿಶೇಷವಾದುದು. ಬೇಸಗೆಯಲ್ಲಿ ಹಗಲಿನ ನಡುವಣ ಎರಡು ಭಾಗಗಳಲ್ಲಿ ಒಲೆ ಹೊತ್ತಿಸಕೂಡದು. ಮನೆಮನೆಯಲ್ಲಿಯೂ ನೀರಿನ ಗಡಿಗೆಗಳು, ಏಣಿ, ಕೊಡಲಿ, ಮೊರ, ಕೊಕ್ಕೆ, ತೊಗಲಚೀಲ ಮುಂತಾದುವು ಸಿದ್ಧವಾಗಿರಬೇಕು. ಬೀದಿಗಳಲ್ಲಿಯೂ ಚೌಕಗಳಲ್ಲಿಯೂ ಬಾಗಿಲುಗಳಲ್ಲಿಯೂ ಸಾವಿರಗಟ್ಟಲೆ ನೀರಿನ ಕೊಡಗಳನ್ನು ಸಾಲಾಗಿ ಇರಿಸಬೇಕು. ಉರಿಯುವ ಮನೆಯ ಕಡೆಗೆ ಓಡಿಬರದ ಮನೆಯೊಡೆಯನಿಗೆ ೧೨ ಪಣ, ಬಾಡಿಗೆಯವನಿಗೆ ೬ ಪಣ ದಂಡ. ಬೀದಿಯಲ್ಲಿ ಕಸ ಚೆಲ್ಲಿದವನಿಗೆ ಪಣದ ಎಂಟನೆಯ ಒಂದು ಪಾಲು, ಕೆಸರುನೀರು ಕಟ್ಟಿ ದಾರಿಯನ್ನು ತಡೆದವನಿಗೆ ಕಾಲು ಪಣ, ರಾಜಮಾರ್ಗವಾದರೆ ಇಮ್ಮಡಿ. ನೀರಿನ ಎಡೆಗಳು, ಮಾರ್ಗ, ಕೋಟೆಗೋಡೆ ಇವುಗಳನ್ನು ನಾಗರಿಕನು ಪ್ರತಿದಿನವೂ ನೋಡಿಬರಬೇಕು.

ಪಂಚಕಗಳ ಕಾರ್ಯಗಳನ್ನು ಈ ಶಾಸ್ತ್ರದಲ್ಲಿ ಅರಸಿದರೆ ಬಹುಭಾಗವು ದೊರೆಯುತ್ತದೆ. ಕುಶಲಕರ್ಮಿಗಳ ವಿಷಯವು ನಾಲ್ಕನೆಯ ಅಧಿಕರಣದ ಆರಂಭದಲ್ಲಿಯೇ ಬಂದಿದೆ. ಅಳತೆಗಳಿಗೆ ಪೌತವಾಧ್ಯಕ್ಷನೂ, ಸರಕುಗಳಿಗೆ ಪಣ್ಯಾಧ್ಯಕ್ಷನೂ, ಸುಂಕಕ್ಕೆ ಶುಲ್ಕಾಧ್ಯಕ್ಷನೂ ಇರುವರು. ಸರಕಿನ ಮೇಲೆ ಮುದ್ರೆಯೊತ್ತುವ ವಿಧಿಯೂ ಉಂಟು. ಹಳೆಯ ವಸ್ತುಗಳನ್ನು, ಒಡೆತನವು ಶುದ್ಧವೆಂದು ತೋರಿದ ಮೇಲೆ ಮಾತ್ರ, ಸಂಸ್ಥಾಧ್ಯಕ್ಷನು ಪೇಟೆಯಲ್ಲಿ ಮಾರಗೊಡಬೇಕೆಂಬ ನಿಯಮವನ್ನು ನೋಡಿದರೆ, ಐದನೆಯ ಪಂಚಕದ ಹಳೆಯದು-ಹೊಸದು ಎಂಬ ಭೇದವು ಪರದೇಶೀಯನು ಕುಳಿತಲ್ಲಿ ಕಲ್ಪಿಸಿಕೊಂಡುದಲ್ಲವೆಂಬುದು ಸ್ಪಷ್ಟವಾಗುತ್ತದೆ. ಇಂತಹ ಸಣ್ಣ ವಿವರದಲ್ಲಿ ಎರಡು ಸ್ವತಂತ್ರ ಸಾಧನಗಳು ಹತ್ತಿರ ಬರುವುದು ಆಕಸ್ಮಿಕವಾಗಲಾರದು.

ಭೇದಗಳೂ ಗುರುತರವಾದುವೇ. ಕೌಟಿಲ್ಯನಲ್ಲಿ ಪಂಚಕಗಳೆಂಬ ಸಂಸ್ಥೆಯೇ ಇಲ್ಲ. ಒಂದೊಂದು ಕಾರ್ಯಕ್ಕೆ ಒಬ್ಬೊಬ್ಬ ಅಧ್ಯಕ್ಷನು. ಜನನಮರಣಗಳ ಪ್ರತ್ಯೇಕ ಲೆಕ್ಕವನ್ನು ಆತನು ವಿಧಿಸಿಲ್ಲ. ಸುಂಕವು ಸರಕಿಗೆ ತಕ್ಕಂತೆ ಐದನೆಯ ಒಂದರಿಂದ ಇಪ್ಪತ್ತೈದನೆಯ ಒಂದರವರೆಗೆ ವ್ಯತ್ಯಾಸವಾಗುತ್ತದೆ. ಸುಂಕದ ಧ್ವಜವನ್ನು ಕೊಡದೆ ದಾಟಿದವನಿಗೆ ಎಂಟು ಮಡಿ ದಂಡವಿದೆಯೇ ಹೊರತು ಮರಣವಿಲ್ಲ. ಇವನ್ನೇ ಮುಂದಿಟ್ಟುಕೊಂಡು ಆಟೋ ಸ್ಟೈನನು ೧೯೨೧ರಲ್ಲಿ ಪ್ರಕಟಿಸಿದ ತೌಲನಿಕ ಗ್ರಂಥದಲ್ಲಿ ಇಬ್ಬರ ನಡುವಣ ಅಂತರವನ್ನು ಎತ್ತಿ ತೋರಿಸಿರುವನು.

ಇಲ್ಲಿ ಪೂರ್ವಪಕ್ಷವು ಹೀಗೆ ಏಳಬಹುದು: ಕೌಟಿಲ್ಯನು ಚಂದ್ರಗುಪ್ತನ ಮಂತ್ರಿಯಾದುದರಿಂದ ಆತನ ವಾಕ್ಯವೇ ಬಲವತ್ತರವು, ಅದಕ್ಕೆ ವಿರುದ್ಧವಾದ ಮೆಗಾಸ್ಥನೀಸನ ಮಾತು ತ್ಯಾಜ್ಯವು. ಈ ಪಕ್ಷವು ಎರಡು ಕಾರಣಗಳಿಂದ ನಿಲ್ಲದು. ಮೊದಲನೆಯದಾಗಿ, ಈಗಿರುವ ಅರ್ಥಶಾಸ್ತ್ರವು ಒಬ್ಬನ ಕೈಯದಲ್ಲವೆಂದು ಟ್ರೌಟ್‌ಮನ್ ೧೯೭೧ರಲ್ಲಿ ಶೈಲಿಯ ಗಣನೆಯಿಂದ ತೋರಿಸಿದನು. ಅದು ಕ್ರಿಸ್ತಶಕದ ಮೊದಲ ಮೂರು ಶತಮಾನಗಳಲ್ಲಿ ಸಂಕಲಿತವಾಯಿತೆಂಬುದು ೨೦೧೩ರಲ್ಲಿ ಆಲಿವೆಲ್ ಪ್ರಕಟಿಸಿದ ಭಾಷಾಂತರದ ನಿಲುವು. ಹಾಗಾದರೆ ಅದು ಚಂದ್ರಗುಪ್ತನ ಕಚೇರಿಯ ದಾಖಲೆಯಾಗಲಾರದು. ಎರಡನೆಯದಾಗಿ, ಶಾಸ್ತ್ರವು ವಿಧಿರೂಪವಾದುದು. ಹೀಗೆ ಮಾಡತಕ್ಕದ್ದೆಂದು ಹೇಳುತ್ತದೆಯೇ ಹೊರತು ಹೀಗೆ ಇದ್ದಿತೆಂದು ಹೇಳುವುದಿಲ್ಲ. ಪ್ರವಾಸಿಯ ವಾಕ್ಯವಾದರೋ ಸಿದ್ಧವಸ್ತುವನ್ನು ವರ್ಣಿಸುವುದು. ಭಿನ್ನವಿಷಯಗಳಾದ ಎರಡು ವಾಕ್ಯಗಳಲ್ಲಿ ಒಂದು ಮತ್ತೊಂದನ್ನು ಬಾಧಿಸಲಾರದು.

ಇದಕ್ಕೆ ನಿದರ್ಶನವು ನೆಲದೊಳಗಿನಿಂದಲೇ ದೊರೆತಿದೆ. ಕೋಟೆಯ ಗೋಡೆಯು ಮರದ್ದಾಗಬಾರದು, ಅದರಲ್ಲಿ ಬೆಂಕಿಯು ಹೊಂಚಿರುತ್ತದೆ ಎಂಬುದು ಅರ್ಥಶಾಸ್ತ್ರದ ವಿಧಿ. ಪಾಟಲೀಪುತ್ರವು ೮೦ ಸ್ಟೇಡಿಯ ಉದ್ದ, ೧೫ ಸ್ಟೇಡಿಯ ಅಗಲವಾಗಿ, ಬಾಣ ಬಿಡಲು ಕಂಡಿಗಳುಳ್ಳ ಮರದ ಗೋಡೆಯಿಂದ ಸುತ್ತುವರಿದಿದ್ದಿತೆಂಬುದು ಮೆಗಾಸ್ಥನೀಸನ ಹೇಳಿಕೆ. ಪಾಟನಾ ನಗರದ ಬಳಿ ಬುಲಂದಿಬಾಗಿನಲ್ಲಿ ೨೦ನೆಯ ಶತಮಾನದ ಪೂರ್ವಾರ್ಧದಲ್ಲಿ ನಡೆದ ಉತ್ಖನನದಲ್ಲಿ ದಪ್ಪ ಮರದ ತೊಲೆಗಳ ಗೋಡೆಯ ಅವಶೇಷಗಳು ಹೊರಬಿದ್ದುವು. ಶಾಸ್ತ್ರವು ನಿಷೇಧಿಸಿದುದು ರಾಜಧಾನಿಯಲ್ಲಿಯೇ ಇದ್ದಿತು. ಕಂಡವನು ಕಂಡಂತೆ ಬರೆದನು.

ಹಾಗೆಂದು ಆತನ ಸಂಖ್ಯೆಗಳನ್ನೆಲ್ಲ ಒಪ್ಪಬೇಕೆಂದಲ್ಲ. ನಗರಕ್ಕೆ ಆರು ಪಂಚಕಗಳಂತೆ ಸೇನೆಗೂ ಆರು ಪಂಚಕಗಳನ್ನೇ ಆತನು ಹೇಳಿರುವನು: ನೌಕೆ, ಎತ್ತಿನ ಬಂಡಿ, ಪದಾತಿ, ಅಶ್ವ, ರಥ, ಗಜ. ಇಷ್ಟೊಂದು ಸಮನಾದ ಅಚ್ಚುಕಟ್ಟು ಲೋಕವ್ಯವಹಾರದಲ್ಲಿ ಅಪರೂಪವು. ಗ್ರೀಕರಲ್ಲಿ ಐದು ಮಂದಿಯ ಅಧಿಕಾರಮಂಡಲಿಯು ಪರಿಚಿತವಾದುದು. ೧೮೯೧ರಲ್ಲಿ ಪ್ರಕಟವಾದ, ಅರಿಸ್ಟಾಟಲನದೆಂದು ಪ್ರಸಿದ್ಧವಾದ ಅಥೆನ್ಸಿನ ರಾಜ್ಯವ್ಯವಸ್ಥೆಯ ಗ್ರಂಥದಲ್ಲಿ, ನಗರಾಧಿಕಾರಿಗಳು ಊರಿಗೆ ಐವರು, ಪಿರೇಯಸ್ ರೇವಿಗೆ ಐವರು. ಪೇಟೆಯ ಅಧಿಕಾರಿಗಳೂ ಹಾಗೆಯೇ. ಅಳತೆಯ ಅಧಿಕಾರಿಗಳೂ ಹಾಗೆಯೇ. ಮೆಗಾಸ್ಥನೀಸನ ವೃತ್ತಾಂತದಲ್ಲಿ ಬರುವ ಅಧಿಕಾರನಾಮವೂ ಅಲ್ಲಿಯದೇ. ತನಗೆ ಪರಿಚಿತವಾದ ಅಚ್ಚಿನಲ್ಲಿ ಪರದೇಶದ ವ್ಯವಸ್ಥೆಯನ್ನು ಎರಕಹೊಯ್ದಿರುವ ಸಂಭವವನ್ನು ಅಲ್ಲಗಳೆಯಲಾಗದು. ಇನ್ನೊಂದು ಸಂಭವವೂ ಉಂಟು. ಅರ್ಥಶಾಸ್ತ್ರದ ಎರಡನೆಯ ಅಧಿಕರಣದ ೯ನೆಯ ಅಧ್ಯಾಯವು, ಅಧ್ಯಕ್ಷನು ಸಂಖ್ಯಾಯಕ, ಲೇಖಕ, ರೂಪದರ್ಶಕ, ನೀವೀಗ್ರಾಹಕ, ಉತ್ತರಾಧ್ಯಕ್ಷ ಎಂಬ ಐವರೊಡನೆ ಕೂಡಿ ಕಾರ್ಯ ಮಾಡಬೇಕೆಂದೂ, ಇಲಾಖೆಯು ಬಹುಮುಖ್ಯರುಳ್ಳದ್ದೂ ಸ್ಥಿರವಲ್ಲದ್ದೂ ಆಗಿರಬೇಕೆಂದೂ ಹೇಳುತ್ತದೆ. ಇಂತಹ ಕಚೇರಿಯನ್ನು ಹೊರಗಿನಿಂದ ಕಂಡವನಿಗೆ ಅದು ಐವರ ಮಂಡಲಿಯಂತೆ ತೋರುವುದು ಸಹಜವೇ.

ಸಂಖ್ಯೆಯು ಹೇಗಾದರೂ ಇರಲಿ, ನಗರಾಧಿಕಾರವು ಅನೇಕರಲ್ಲಿ ಸೇರಿದ್ದಿತೆಂಬುದಕ್ಕೆ ಮೌರ್ಯರ ಕಾಲದ್ದೇ ಆದ ಶಿಲಾಲೇಖದ ಪ್ರಮಾಣವಿದೆ. ಅಶೋಕನು ಧೌಲಿ ಮತ್ತು ಜೌಗಡಗಳ ಪ್ರತ್ಯೇಕ ಶಾಸನಗಳಲ್ಲಿ ತೋಸಲಿ ಮತ್ತು ಸಮಾಪಾ ನಗರಗಳ ‘ನಗರವ್ಯವಹಾರಿಕ’ ಮಹಾಮಾತ್ರರನ್ನು ಬಹುವಚನದಿಂದ ಸಂಬೋಧಿಸಿರುವನು. ಅಕಾರಣವಾಗಿ ಯಾರಿಗೂ ಬಂಧನವಾಗಲಿ ಹಿಂಸೆಯಾಗಲಿ ಒದಗದಂತೆ ನೋಡಿಕೊಳ್ಳಬೇಕೆಂದು ಅವರನ್ನು ಎಚ್ಚರಿಸಿರುವನು. ಕರ್ಣಾಟಕದಲ್ಲಿಯೂ ಇದಕ್ಕೆ ಸಂವಾದವುಂಟು. ೧೮೯೨ರಲ್ಲಿ ಬಿ. ಎಲ್. ರೈಸರು ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿಯಲ್ಲಿ ಕಂಡುಹಿಡಿದ ಶಾಸನವು, ಸುವರ್ಣಗಿರಿಯ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕ್ಷೇಮಸಮಾಚಾರವನ್ನು ಕೇಳಿ ಹೇಳಿಸಿದ ಆಜ್ಞೆಯಾಗಿದೆ. ಅಲ್ಲಿಯೂ ಬಹುವಚನವೇ. ಗಡಿನಾಡಿನ ಇಸಿಲದಲ್ಲಿ ಒಬ್ಬನಿಗಿಂತ ಹೆಚ್ಚು ಮಂದಿ ಅಧಿಕಾರಿಗಳಿದ್ದ ಮೇಲೆ ರಾಜಧಾನಿಯಲ್ಲಿ ಅನೇಕರಿದ್ದರೆಂಬುದು ಕೈಮುತ್ಯನ್ಯಾಯದಿಂದಲೇ ಸಿದ್ಧವಾಗುತ್ತದೆ.

ಉಳಿದ ಪ್ರಶ್ನೆಯೊಂದೇ: ಇವರು ಪ್ರಜೆಗಳ ಪ್ರತಿನಿಧಿಗಳೆ? ಮೆಗಾಸ್ಥನೀಸನು ಚುನಾವಣೆಯ ಮಾತನ್ನೇ ಎತ್ತಿಲ್ಲ. ಅರ್ಥಶಾಸ್ತ್ರದ ನಾಗರಿಕ, ಸ್ಥಾನಿಕ, ಗೋಪರು ರಾಜನಿಂದ ನಿಯುಕ್ತರಾದವರು. ಅಶೋಕನ ಮಹಾಮಾತ್ರರೂ ರಾಜಾಜ್ಞಾಧಾರಕರೇ. ಪುರಜನರು ಆಡಳಿತದಲ್ಲಿ ಕೈಗೂಡಿಸಿದುದಕ್ಕೆ ಸ್ಪಷ್ಟವಾದ ದಾಖಲೆಯನ್ನು ಹುಡುಕಿದರೆ ಗುಪ್ತರ ಕಾಲಕ್ಕೆ ಇಳಿಯಬೇಕಾಗುತ್ತದೆ. ಬಂಗಾಳದ ದಾಮೋದರಪುರದಲ್ಲಿ ದೊರೆತ, ಮೊದಲ ಕುಮಾರಗುಪ್ತನ ಕಾಲದ, ಗುಪ್ತಶಕ ೧೨೪ರ (ಕ್ರಿ. ಶ. ೪೪೩-೪೪) ತಾಮ್ರಪಟದಲ್ಲಿ ಕೋಟಿವರ್ಷದ ಅಧಿಷ್ಠಾನಾಧಿಕರಣವು ಬಂದಿದೆ. ಅಲ್ಲಿ ರಾಜಾಧಿಕಾರಿಯಾದ ಕುಮಾರಾಮಾತ್ಯನೊಡನೆ ನಗರಶ್ರೇಷ್ಠಿ, ಸಾರ್ಥವಾಹ, ಪ್ರಥಮಕುಲಿಕ, ಪ್ರಥಮಕಾಯಸ್ಥ ಎಂಬ ನಾಲ್ವರು ಕುಳಿತು ಭೂಮಿಯ ವಿಕ್ರಯವನ್ನು ನಡೆಸಿರುವರು. ಕಾಯಸ್ಥನು ಬರೆಹಗಾರರ ಮುಖ್ಯನು. ಉಳಿದವರು ವರ್ತಕರ, ಸಾರ್ಥದವರ, ಕುಶಲಕರ್ಮಿಗಳ ಮುಖ್ಯರು. ಇಲ್ಲಿಯೂ ಒಟ್ಟು ಐವರಾಗುವರಾದರೂ, ಏಳು ಶತಮಾನಗಳಿಗೂ ಹೆಚ್ಚಿನ ಅಂತರವಿರುವುದರಿಂದ ಈ ಸಂಖ್ಯಾಸಾಮ್ಯವೊಂದರಿಂದಲೇ ಪಾಟಲೀಪುತ್ರದ ಪಂಚಕಗಳನ್ನು ಸಾಧಿಸಹೊರಡುವುದು ಸಾಹಸವೆನಿಸುವುದು.

ಆದುದರಿಂದ ನಿರ್ಣಯವು ಇಷ್ಟು. ಮೆಗಾಸ್ಥನೀಸನು ಹೇಳಿದ ಕಾರ್ಯವಿಭಾಗವು ನಂಬತಕ್ಕದ್ದು. ಅದನ್ನು ಅರ್ಥಶಾಸ್ತ್ರವು ಬಹುಮಟ್ಟಿಗೆ ಬೆಂಬಲಿಸುತ್ತದೆ. ಅಧಿಕಾರಿಗಳ ಅನೇಕತ್ವವೂ ನಂಬತಕ್ಕದ್ದು. ಅದನ್ನು ಅಶೋಕನ ಶಾಸನಗಳು ಬೆಂಬಲಿಸುತ್ತವೆ. ಆರು, ಐದು, ಮೂವತ್ತು ಎಂಬ ಸಂಖ್ಯೆಗಳು ಸಂದಿಗ್ಧವು. ಪ್ರಜಾಪ್ರತಿನಿಧಿಗಳ ಪೌರಸಭೆ ಎಂಬುದು ಯಾವ ಸಾಧನದಲ್ಲಿಯೂ ಇಲ್ಲದ್ದು. ಇಷ್ಟರಿಂದ ಪ್ರಾಚೀನರ ಕೀರ್ತಿಗೆ ಕುಂದೇನೂ ಇಲ್ಲ. ಪರದೇಶದಿಂದ ಬಂದು ಸತ್ತವನ ಸೊತ್ತನ್ನು ಅವನ ಬಂಧುಗಳಿಗೆ ಮುಟ್ಟಿಸುವುದನ್ನು ತನ್ನ ಕರ್ತವ್ಯವೆಂದು ಎಣಿಸಿದ ನಗರವು ಅಂದು ಇದ್ದಿತೆಂಬುದು ಸಾಲದೆ? ಪ್ರಮಾಣವಿದ್ದಷ್ಟನ್ನು ವಿದ್ಯಾರ್ಥಿಗಳಿಗೆ ಹೇಳಿ, ಇಲ್ಲದುದನ್ನು ಬಿಡುವುದೇ ಆ ಪೂರ್ವಿಕರಿಗೆ ಸಲ್ಲಿಸಬಹುದಾದ ಗೌರವವು.